ಸೀಲು, ಸಹಿ ಮತ್ತು ಸೊನ್ನೆ ಸಂಬಳ

ಬೆಳಿಗ್ಗೆ ಏಳೂವರೆಗೆ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಮಿರ್ಚಿ ಅಂಗಡಿಯವರು ಇನ್ನೂ ಒಲೆ ಹಚ್ಚಿರುವುದಿಲ್ಲ, ಅದೇನಿದ್ದರೂ ಸಂಜೆಯ ವ್ಯಾಪಾರ. ಕೂಡ್ಲಿಗಿ ಕಡೆಯ ಬಸ್ಸಿಗೆ ಒಂದೇ ಬಣ್ಣದ ಸೀರೆಯುಟ್ಟ ನಾಲ್ಕೈದು ಹೆಣ್ಣುಮಕ್ಕಳು ಕಾಯುತ್ತಿರುತ್ತಾರೆ. ಕಂಕುಳಲ್ಲಿ ಸುತ್ತಿಟ್ಟ ಚಾರ್ಟು, ಅದಕ್ಕೊಂದು ರಬ್ಬರ್ ಬ್ಯಾಂಡು. ಬ್ಯಾಗಿನಲ್ಲಿ ಬ್ರೌನ್ ಪೇಪರ್ ಹೊದಿಸಿದ ದಪ್ಪ ರೆಕಾರ್ಡ್ ಬುಕ್ಕು. ಆಚೆ ಹೊಸಪೇಟೆ ಬಸ್ಸಿಗೆ ಓಡುತ್ತಿರುವ ಹುಡುಗನ ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿ.

ಪಕ್ಕದಲ್ಲಿ ಶೇಂಗಾ ಚೀಲದ ಮೇಲೆ ಕೂತ ಅಜ್ಜ ಕೇಳುತ್ತಾರೆ: ‘ಸಾಲಿ ಮೇಡಮ್ಮಾರೇನವ್ವ?’

‘ಅಲ್ಲಜ್ಜ, ಬಿ.ಇಡಿ ಓದ್ತೀವಿ. ಸಾಲ್ಯಾಗ ಪಾಠ ಮಾಡಾಕ ಹೊಂಟೀವಿ.’

‘ತಿಂಗ್ಳಿಗೆ ಎಷ್ಟು ಕೊಡ್ತಾರ?’

‘ಕೊಡಾದೇನೂ ಇಲ್ಲಜ್ಜ. ಸಹಿ ಮಾಡಿ ಸೀಲ್ ಒತ್ತಿ ಕೊಡ್ತಾರ.’

ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಯಾವ ಊರಿನ ನಿಲ್ದಾಣಕ್ಕೆ ಹೋದರೂ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಕಿವಿಗೆ ಬೀಳುತ್ತದೆ. ಬಿ.ಇಡಿಯವರು ‘ಟೀಚಿಂಗ್’ ಎನ್ನುತ್ತಾರೆ, ನರ್ಸಿಂಗಿನವರು ‘ಪೋಸ್ಟಿಂಗ್’, ಎಂಜಿನಿಯರಿಂಗಿನವರು ‘ಇಂಟರ್ನ್‌ಶಿಪ್’. ಹೆಸರು ಬೇರೆಯಾದರೂ ಮನೆಯವರ ಪ್ರಶ್ನೆ ಒಂದೇ: ದಿನಾ ಹೋಗಿ ಕೆಲಸ ಮಾಡಿ ಬರುತ್ತೀಯ, ಏನು ಕೊಡುತ್ತಾರೆ? ಏನೂ ಕೊಡದಿದ್ದರೆ ಅದು ಸರಿಯೇ? ಕಾನೂನು ಇದನ್ನು ಒಪ್ಪುತ್ತದೆಯೇ?

ಬೇಡವೆನ್ನುವ ಹಾಗಿಲ್ಲ

ಇಂಟರ್ನ್‌ಶಿಪ್ ಎಂದರೆ ರಜೆಯಲ್ಲಿ ಆಸಕ್ತಿಯಿದ್ದವರು ಮಾಡುವ ಹೆಚ್ಚುವರಿ ಕಲಿಕೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಳೆಯ ಮಾತು. ಈಗ ಹೆಚ್ಚಿನ ವೃತ್ತಿಪರ ಕೋರ್ಸುಗಳಲ್ಲಿ ಅದು ಪಠ್ಯದ್ದೇ ಭಾಗ, ಮುಗಿಸದಿದ್ದರೆ ಪದವಿ ಕೈಗೆ ಬರುವುದಿಲ್ಲ.

ಬಿ.ಇಡಿಯನ್ನು ಎರಡು ವರ್ಷಕ್ಕೆ ಏರಿಸಿದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಒಟ್ಟು 20 ವಾರಗಳ ಶಾಲಾ ಅನುಭವವನ್ನು ಕಡ್ಡಾಯ ಮಾಡಿತು. ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ, ಸಾಧ್ಯವಾದಷ್ಟೂ ಒಂದೇ ಶಾಲೆಯಲ್ಲಿ ಬೇರೂರಿ ನಿಲ್ಲುವ ಹಾಗೆ. ಡಿ.ಫಾರ್ಮಾ ಓದಿದವರು ಆಸ್ಪತ್ರೆಯಲ್ಲೋ ಔಷಧಿ ಅಂಗಡಿಯಲ್ಲೋ 500 ಗಂಟೆ ಪ್ರಾಯೋಗಿಕ ತರಬೇತಿ ಪಡೆಯಬೇಕು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಮೂರು ವರ್ಷದ ಕಾನೂನು ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ. ಹಡಗಲಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ವಿಟಿಯು ಕಾಲೇಜುಗಳಲ್ಲೂ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇದೆ. ಅಂದರೆ ಅದೂ ಒಂದು ಪರೀಕ್ಷೆಯಿದ್ದಂತೆ.

ಕಡ್ಡಾಯ ಎಂಬುದನ್ನು ನೆನಪಿನಲ್ಲಿಡಿ, ಕಾನೂನಿನ ಚರ್ಚೆಯಲ್ಲಿ ಅದು ಮತ್ತೆ ಬರುತ್ತದೆ.

ಉಮೇದುವಾರರ ಕಾಲದಿಂದಲೂ

ಸಂಬಳವಿಲ್ಲದೆ ಕಲಿಯುವುದು ನಮಗೆ ಹೊಸದಲ್ಲ. ಬಡಗಿಯ ಬಳಿ, ಅಕ್ಕಸಾಲಿಗರ ಬಳಿ ಹುಡುಗರು ವರ್ಷಗಟ್ಟಲೆ ಊಟಕ್ಕಷ್ಟೇ ದುಡಿದಿದ್ದಾರೆ. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ‘ಉಮೇದುವಾರ’ ಎಂಬ ಒಂದು ಜಾತಿಯೇ ಇತ್ತು. ಮುಂದೆ ಗುಮಾಸ್ತನ ಹುದ್ದೆ ಖಾಲಿಯಾದಾಗ ಸಿಕ್ಕೀತು ಎಂಬ ಉಮೇದಿನಲ್ಲಿ ದಿನವಿಡೀ ಕಾಗದ ನಕಲು ಮಾಡುತ್ತ ಕೂರುವ, ಸಂಬಳವಿಲ್ಲದ ಯುವಕ. ಇಂದು ಚುನಾವಣೆಗೆ ನಿಂತವರನ್ನೂ ಉಮೇದುವಾರರು ಎನ್ನುತ್ತೇವೆ. ಆಸೆಯಲ್ಲಿ ಕಾಯುವುದು ಇಬ್ಬರಿಗೂ ಸಾಮಾನ್ಯ.

ಇನ್ನೊಂದು ಪದ ‘ಬಿಟ್ಟಿ’. ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು. ಅರಸನಿಗೆ, ಊರ ದೊಡ್ಡವರಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಕೆಲಸ. ನಮ್ಮ ಶಾಸನಗಳಲ್ಲಿ ಅದು ತೆರಿಗೆಗಳ ಸಾಲಿನಲ್ಲೇ ಬರುತ್ತದೆ. ಸಂವಿಧಾನದ 23ನೇ ವಿಧಿ ನಿಷೇಧಿಸುವ ‘ಬೇಗಾರ್’ ಇದೇ ಬಿಟ್ಟಿ.

ಉಮೇದುವಾರಿ ಎಲ್ಲಿ ಮುಗಿದು ಬಿಟ್ಟಿ ಎಲ್ಲಿ ಶುರುವಾಗುತ್ತದೆ ಎಂಬುದೇ ಇಂಟರ್ನ್‌ಶಿಪ್ಪಿನ ತಕರಾರು.

ಕಾನೂನು ಯಾರನ್ನು ಕಾಣುತ್ತದೆ?

ನಮ್ಮ ಕಾನೂನಿಗೆ ‘ಅಪ್ರೆಂಟಿಸ್’ ಚೆನ್ನಾಗಿ ಗೊತ್ತು. 1961ರ ಅಪ್ರೆಂಟಿಸ್ ಕಾಯ್ದೆ ಅವನಿಗಾಗಿಯೇ ಇದೆ. 30 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಒಪ್ಪಂದ ಬರೆದು ನೋಂದಾಯಿಸಬೇಕು, ತಿಂಗಳು ತಿಂಗಳು ಶಿಷ್ಯವೇತನ ಕೊಡಬೇಕು. 2019ರಲ್ಲಿ ತಿದ್ದಿದ ನಿಯಮ ಕನಿಷ್ಠ ಮೊತ್ತವನ್ನು ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿವರೆಗೆ ನಿಗದಿ ಮಾಡಿತು. ತರಬೇತಿಯಲ್ಲಿ ಪೆಟ್ಟಾದರೆ ಪರಿಹಾರವೂ ಉಂಟು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಐಟಿಐ ಹುಡುಗ ಅಪ್ರೆಂಟಿಸ್ ಆಗಿ ಸೇರಿದರೆ ಅವನ ಹಿಂದೆ ಈ ಕಾಯ್ದೆ ನಿಂತಿರುತ್ತದೆ.

‘ಇಂಟರ್ನ್’ ಮಾತ್ರ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ‘ಉದ್ಯೋಗಿ’ ಯಾರೆಂದು ಹೇಳುವಾಗ ಅಪ್ರೆಂಟಿಸ್‌ನನ್ನು ಹೊರಗಿಡುತ್ತದೆ, ಅವನಿಗೆ ಬೇರೆ ಕಾಯ್ದೆ ಇದೆಯಲ್ಲ. ಇಂಟರ್ನ್ ಒಳಗೋ ಹೊರಗೋ ಹೇಳುವುದೇ ಇಲ್ಲ. ಸಂಬಳಕ್ಕೆಂದು ನೇಮಿಸಿಕೊಂಡವರಷ್ಟೇ ಉದ್ಯೋಗಿಗಳು ಎಂದಮೇಲೆ, ಸಂಬಳವೇ ಇಲ್ಲದವರು ಕನಿಷ್ಠ ವೇತನ ಕೇಳುವುದು ಹೇಗೆ? ಕೊಡದಿರುವುದನ್ನೇ ಕೊಡಬೇಕಿಲ್ಲ ಎಂಬುದಕ್ಕೆ ಆಧಾರ ಮಾಡಿಕೊಂಡಂತಾಯಿತು.

ಇದೇ ಇಂಟರ್ನ್ ಹುಡುಗಿಯಾಗಿದ್ದರೆ ಇನ್ನೊಂದು ಕಾಯ್ದೆ ಅವಳನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ‘ಉದ್ಯೋಗಿ’ ಎಂಬ ಪದದೊಳಗೆ ತರಬೇತಿಯವರನ್ನೂ ಅಪ್ರೆಂಟಿಸ್‌ಗಳನ್ನೂ ಸ್ವಯಂಸೇವಕರನ್ನೂ ಸೇರಿಸಿದೆ, ಸಂಬಳ ಇರಲಿ ಇಲ್ಲದಿರಲಿ. ಹಾಗಾಗಿ ಆಸ್ಪತ್ರೆಗೆ ಪೋಸ್ಟಿಂಗಿಗೆ ಹೋದ ವಿದ್ಯಾರ್ಥಿನಿ ಕಿರುಕುಳದ ದೂರು ಕೊಡುವಾಗ ಉದ್ಯೋಗಿ, ಸಂಬಳ ಕೇಳುವಾಗ ವಿದ್ಯಾರ್ಥಿನಿ. ಅದೇ ವಾರ್ಡು, ಅದೇ ಬಿಳಿ ಕೋಟು. (ಮೊದಲ ಹಕ್ಕು ತಮಗಿದೆ ಎಂಬುದೂ ಬಹಳ ಹುಡುಗಿಯರಿಗೆ ಗೊತ್ತಿಲ್ಲ. ಕಾಲೇಜುಗಳು ಕಳಿಸುವ ಮುಂಚೆ ಇಷ್ಟಾದರೂ ಹೇಳಿ ಕಳಿಸಬಹುದು.)

ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪು ಇಲ್ಲಿ ನೆನಪಿಗೆ ಬರುತ್ತದೆ. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪರ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಹೂಡಿದ ಮೊಕದ್ದಮೆಯಲ್ಲಿ, 1982ರಲ್ಲಿ, ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ 23ನೇ ವಿಧಿಯ ‘ಬಲವಂತದ ದುಡಿಮೆ’ಯೇ ಎಂದಿತು. ಬಲವಂತ ಎಂದರೆ ದೊಣ್ಣೆ ಹಿಡಿದು ನಿಲ್ಲುವುದಷ್ಟೇ ಅಲ್ಲ, ಬೇರೆ ದಾರಿಯಿಲ್ಲದಂತೆ ಮಾಡುವ ಬಡತನವೂ ಬಲವಂತ ಎಂಬುದು ಅದರ ತಿರುಳು. ಆ ತೀರ್ಪು ವಿದ್ಯಾರ್ಥಿಗಳ ಬಗ್ಗೆ ಅಲ್ಲ, ಇಂಟರ್ನ್‌ಗಳಿಗೆ ಅದನ್ನು ನೇರ ಅಂಟಿಸಲಾಗದು. ಆದರೂ ‘ಮಾಡದಿದ್ದರೆ ಪದವಿ ಇಲ್ಲ’ ಎಂಬ ಸ್ಥಿತಿಯಲ್ಲಿರುವ ಹುಡುಗನಿಗೆ ‘ನೀನಾಗಿಯೇ ಒಪ್ಪಿ ಬಂದವನಲ್ಲವೇ’ ಎನ್ನುವುದು ಎಷ್ಟು ಸರಿ?

ಚಿಗಟೇರಿ ಆಸ್ಪತ್ರೆಯ ವೈದ್ಯರು

ಶಿಷ್ಯವೇತನ ಕೊಡಬೇಕು ಎಂದು ಎಲ್ಲರೂ ಒಪ್ಪಿದ ಕಡೆಯಾದರೂ ಎಲ್ಲ ಸರಿಯಿದೆಯೇ? ಹರಪನಹಳ್ಳಿಯವರು ದೂರ ಹೋಗಿ ನೋಡಬೇಕಿಲ್ಲ. 1997ರಿಂದ ಎರಡು ದಶಕ ಈ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ವಿಜಯನಗರ ಜಿಲ್ಲೆಗೆ ಸೇರಿದ ಮೇಲೂ ಕಾಯಿಲೆ ಜೋರಾದರೆ ಜನ ಗಾಡಿ ತಿರುಗಿಸುವುದು ದಾವಣಗೆರೆಗೇ. ಅಲ್ಲಿನ ಜಿಲ್ಲಾಸ್ಪತ್ರೆಯ ಹೆಸರಿನಲ್ಲಿಯೇ ಹರಪನಹಳ್ಳಿ ತಾಲ್ಲೂಕಿನ ಊರು ಕೂತಿದೆ: ಚಿಗಟೇರಿ.

ಆ ಆಸ್ಪತ್ರೆಯಲ್ಲಿ ರಾತ್ರಿ ಹಗಲು ಓಡಾಡುವ ಹೌಸ್ ಸರ್ಜನ್‌ಗಳಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜಿನವರು ಇದ್ದಾರೆ. 2020ರ ಜೂನ್ ಕೊನೆಯಲ್ಲಿ, ಕೊರೊನಾ ಏರುತ್ತಿದ್ದ ಹೊತ್ತಿನಲ್ಲೇ, ಆ ಕಾಲೇಜಿನ ಸರ್ಕಾರಿ ಕೋಟಾದ ಹೌಸ್ ಸರ್ಜನ್‌ಗಳೂ ಸ್ನಾತಕೋತ್ತರ ವಿದ್ಯಾರ್ಥಿಗಳೂ ಬೀದಿಗಿಳಿದರು. ಹದಿನಾರು ತಿಂಗಳ ಶಿಷ್ಯವೇತನ ಬಂದಿರಲಿಲ್ಲ. ಸರ್ಕಾರ ಕೊಡಬೇಕು ಎಂದು ಆಡಳಿತ ಮಂಡಳಿ, ಆಡಳಿತ ಮಂಡಳಿ ಕೊಡಬೇಕು ಎಂದು ಸರ್ಕಾರ. ನಡುವೆ ಪಿಪಿಇ ಕಿಟ್ ಹಾಕಿಕೊಂಡು ಬೆವರುತ್ತಿದ್ದವರು ಇವರು.

ಮೂರು ವರ್ಷದ ನಂತರ ಇಂಥದ್ದೇ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. ದೆಹಲಿಯ ಆರ್ಮಿ ವೈದ್ಯಕೀಯ ಕಾಲೇಜಿನ ಇಂಟರ್ನ್‌ಗಳಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ 2023ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 25,000 ರೂಪಾಯಿ ಕೊಡುವಂತೆ ಆದೇಶಿಸಿತು.

ವೈದ್ಯರಿಗೆ ಸಂಘಟನೆಯಿದೆ, ಅವರು ಒಂದು ದಿನ ಕೆಲಸ ನಿಲ್ಲಿಸಿದರೆ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಬಿ.ಇಡಿ ಪ್ರಶಿಕ್ಷಣಾರ್ಥಿ ಒಂದು ದಿನ ಶಾಲೆಗೆ ಹೋಗದಿದ್ದರೆ ಹಾಜರಾತಿಯಲ್ಲಿ ಒಂದು ‘ಎ’ ಬೀಳುತ್ತದೆ, ಅಷ್ಟೆ.

ಖಾಲಿ ಹುದ್ದೆ, ತುಂಬಿದ ಪೀರಿಯಡ್

ನನ್ನ ಮಟ್ಟಿಗೆ ಈ ವಿಷಯದ ಗಂಟು ಇರುವುದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಗಳಲ್ಲಿ.

ನಿಯಮದ ಪ್ರಕಾರ ನಡೆಯಬೇಕಾದದ್ದು ಹೀಗೆ. ಪ್ರಶಿಕ್ಷಣಾರ್ಥಿ ಮೊದಲ ದಿನಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಅನುಭವಿ ಶಿಕ್ಷಕರ ಪಾಠ ನೋಡುತ್ತಾರೆ. ಆಮೇಲೆ ತಾವೇ ಪಾಠಯೋಜನೆ ಬರೆದು, ಮಾರ್ಗದರ್ಶಕರಿಗೆ ತೋರಿಸಿ, ತಿದ್ದಿಸಿಕೊಂಡು ತರಗತಿಗೆ ಹೋಗುತ್ತಾರೆ. ಶಿಕ್ಷಕರು ಹಿಂದೆ ಕೂತು ರೆಕಾರ್ಡಿನಲ್ಲಿ ಷರಾ ಬರೆಯುತ್ತಾರೆ: ಕಪ್ಪುಹಲಗೆ ಕೆಲಸ ಚೆನ್ನಾಗಿದೆ, ಹಿಂದಿನ ಸಾಲಿನ ಮಕ್ಕಳ ಕಡೆ ಗಮನ ಕೊಡಿ, ಧ್ವನಿ ಏರಿಸಿ. ಇದರಲ್ಲಿ ಲಾಭ ಕಲಿಯುವವರದ್ದು, ಶಾಲೆಗೆ ತೊಂದರೆಯೇ ಜಾಸ್ತಿ. ಸಂಬಳ ಕೇಳುವ ಮಾತೇ ಬರುವುದಿಲ್ಲ.

ಆದರೆ ಗಣಿತದ ಹುದ್ದೆ ಖಾಲಿಯಿರುವ ಶಾಲೆಯನ್ನು ಊಹಿಸಿಕೊಳ್ಳಿ. ಪ್ರಶಿಕ್ಷಣಾರ್ಥಿ ಬಂದ ಮೂರನೇ ದಿನವೇ ಮುಖ್ಯ ಶಿಕ್ಷಕರು ವೇಳಾಪಟ್ಟಿ ಕೈಗಿಡುತ್ತಾರೆ: ‘ಮೇಡಂ, ಎಂಟು, ಒಂಬತ್ತು, ಹತ್ತು, ಮೂರಕ್ಕೂ ಮ್ಯಾಥ್ಸ್ ನಿಮ್ಮದೇರಿ.’ ಹಿಂದೆ ಕೂತು ಷರಾ ಬರೆಯುವವರು ಯಾರೂ ಇಲ್ಲ, ಏಕೆಂದರೆ ಆ ವಿಷಯದ ಶಿಕ್ಷಕರೇ ಇಲ್ಲ. ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಇವರದು, ಮೌಲ್ಯಮಾಪನ ಇವರದು, ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿಯೂ ಇವರದೇ. ಮುಖ್ಯ ಶಿಕ್ಷಕರನ್ನು ದೂರಿ ಫಲವಿಲ್ಲ, ಮಕ್ಕಳ ಮುಖ ನೋಡಿ ಅವರು ಮಾಡುವ ಉಪಾಯ ಅದು.

ಇದೇ ಕೆಲಸಕ್ಕೆ ಅತಿಥಿ ಶಿಕ್ಷಕರನ್ನು ತೆಗೆದುಕೊಂಡರೆ ಪ್ರೌಢಶಾಲೆಯಲ್ಲಿ 2025–26ರಲ್ಲಿ ತಿಂಗಳಿಗೆ 12,500 ರೂಪಾಯಿ ಗೌರವಧನ. ಅದೂ ದೊಡ್ಡ ಮೊತ್ತವೇನಲ್ಲ. ಅದನ್ನು ಬಿಡಿ, ಕೆರೆ ಹೂಳೆತ್ತುವ ಲೆಕ್ಕ ಹಿಡಿಯೋಣ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ವಾರಕ್ಕೆ ಆರು ದಿನದಂತೆ 16 ವಾರ ಎಂದರೆ 96 ದಿನ, ಒಟ್ಟು 35,520 ರೂಪಾಯಿ. ಅವ್ವ ಕೆರೆಯಲ್ಲಿ ದುಡಿದಿದ್ದರೆ ಬರುತ್ತಿದ್ದ ದುಡ್ಡು ಇದು. ಮಗಳು ಹತ್ತನೆಯ ತರಗತಿಗೆ ತ್ರಿಕೋನಮಿತಿ ಕಲಿಸಿ ಮನೆಗೆ ತರುವುದು ಸೊನ್ನೆ, ಚಾರ್ಟು ಸ್ಕೆಚ್ ಪೆನ್ನಿನ ಖರ್ಚು ಬೇರೆ.

ಅದೇ ಬಿ.ಇಡಿ, ಅದೇ ರೆಕಾರ್ಡು. ಒಂದು ಶಾಲೆಯಲ್ಲಿ ಅದು ಕಲಿಕೆ, ಹತ್ತು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ಬಿಟ್ಟಿ. ಹಣೆಪಟ್ಟಿ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಆ ಕುರ್ಚಿಯಲ್ಲಿ ಸಂಬಳದವರು ಯಾರಾದರೂ ಇರಬೇಕಿತ್ತೇ ಎಂದು ಕೇಳಬೇಕು.

ಹಂಸದ ಸಿನಿಮಾ ಮತ್ತು ಲಾಭದ ತಕ್ಕಡಿ

ಅಮೆರಿಕದ ಕೋರ್ಟುಗಳು ಹೆಚ್ಚು ಕಡಿಮೆ ಇದೇ ಪ್ರಶ್ನೆಯನ್ನು ಕೇಳಿದವು. ‘ಬ್ಲ್ಯಾಕ್ ಸ್ವಾನ್’ ಎಂಬ ಹಾಲಿವುಡ್ ಸಿನಿಮಾದ ತಯಾರಿಕೆಯಲ್ಲಿ ಸಂಬಳವಿಲ್ಲದೆ ದುಡಿದ ಎರಿಕ್ ಗ್ಲಾಟ್ ಮತ್ತು ಅಲೆಕ್ಸ್ ಫುಟ್‌ಮನ್ ಮೊಕದ್ದಮೆ ಹೂಡಿದರು. 2013ರಲ್ಲಿ ಕೆಳಗಿನ ಕೋರ್ಟು ಅವರನ್ನು ಉದ್ಯೋಗಿಗಳೆಂದೇ ಎಣಿಸಿತು. 2015ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತೆಗೆದು, ಈ ವ್ಯವಸ್ಥೆಯಿಂದ ಮುಖ್ಯ ಲಾಭ ಯಾರಿಗೆ, ಕಲಿಯುವವರಿಗೋ ಸಂಸ್ಥೆಗೋ, ಎಂದು ತೂಗಬೇಕೆಂದಿತು. ತರಗತಿಯ ಓದಿಗೂ ಈ ಕೆಲಸಕ್ಕೂ ಸಂಬಂಧವಿದೆಯೇ, ಸಂಬಳದ ನೌಕರರ ಜಾಗವನ್ನು ಇವರು ತುಂಬುತ್ತಿದ್ದಾರೆಯೇ ಎಂಬುವು ಆ ತೂಕದ ಬಟ್ಟುಗಳು.

ಫ್ರಾನ್ಸಿನವರು ತೂಗುವ ಗೋಜಿಗೇ ಹೋಗಲಿಲ್ಲ. ಎರಡು ತಿಂಗಳು ದಾಟಿದ ಇಂಟರ್ನ್‌ಶಿಪ್‌ಗೆ ಅಲ್ಲಿ ಹಣ ಕೊಡಲೇಬೇಕು. ನನಗೆ ಇದೇ ಹೆಚ್ಚು ಹಿಡಿಸುತ್ತದೆ. ಹಡಗಲಿಯ ಹುಡುಗ ಕೋರ್ಟಿಗೆ ಹೋಗಿ ತಕ್ಕಡಿ ಹಿಡಿಸುವ ಹೊತ್ತಿಗೆ ಅವನ ಮಗ ಇಂಟರ್ನ್ ಆಗಿರುತ್ತಾನೆ.

ದುಡ್ಡು ಕೊಟ್ಟು ದುಡಿಯುವವರು

ಕಾರ್ಖಾನೆ, ಕಂಪನಿ ವಿರಳವಾದ ನಮ್ಮ ತಾಲ್ಲೂಕುಗಳಲ್ಲಿ ಇನ್ನೊಂದು ಆಟ ನಡೆಯುತ್ತದೆ. ಇಲ್ಲಿ ಸಂಬಳವಿಲ್ಲದ ಇಂಟರ್ನ್‌ಶಿಪ್ ಕೂಡ ಸುಲಭಕ್ಕೆ ಸಿಗುವುದಿಲ್ಲ. ಕಂಪ್ಯೂಟರ್ ಸೈನ್ಸ್ ಓದಿದ ಹುಡುಗಿ ಕೂಡ್ಲಿಗಿಯಲ್ಲಿ ಯಾವ ಕಂಪನಿಯ ಬಾಗಿಲು ತಟ್ಟಬೇಕು? ಬೆಂಗಳೂರಿಗೆ ಹೋದರೆ ಪಿ.ಜಿ. ಬಾಡಿಗೆ, ಊಟ, ಓಡಾಟ. ಶಿಷ್ಯವೇತನವಿಲ್ಲದೆ ನಾಲ್ಕು ತಿಂಗಳು ಅಲ್ಲಿ ಇರಬಲ್ಲವರು ಇರುತ್ತಾರೆ, ಉಳಿದವರಿಗೆ ‘ಇಂಟರ್ನ್‌ಶಿಪ್ ಕೊಡಿಸುತ್ತೇವೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ. ಕೆಲವು ಸಾವಿರ ಕಟ್ಟಿದರೆ ನಾಲ್ಕು ಆನ್‌ಲೈನ್ ಕ್ಲಾಸು, ಒಂದು ರೆಡಿಮೇಡ್ ಪ್ರಾಜೆಕ್ಟು, ಕೊನೆಗೆ ಬಣ್ಣದ ಸರ್ಟಿಫಿಕೇಟು. ಇಲ್ಲಿ ವಿದ್ಯಾರ್ಥಿ ಬಿಟ್ಟಿ ದುಡಿಯುವುದಿಲ್ಲ, ಕಲಿಯುವುದೂ ಇಲ್ಲ. ಕಡ್ಡಾಯವೆಂಬ ನಿಯಮವೇ ಇಂಥ ಅಂಗಡಿಗಳಿಗೆ ಗಿರಾಕಿ ಕಳಿಸುತ್ತಿದೆ.

ಪ್ರಯಾಣದ ಲೆಕ್ಕವೂ ವಿಚಿತ್ರ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲದೆ ಹೋಗಿಬರುತ್ತಾರೆ. ದೂರದ ಶಾಲೆ, ಆಸ್ಪತ್ರೆಗೆ ಹಾಕಿದರೂ ಹೋಗುವ ಧೈರ್ಯ ಇದರಿಂದ ಬಂದಿದೆ. ಹುಡುಗರ ಬಸ್ ಪಾಸು ಊರಿನಿಂದ ಕಾಲೇಜಿಗೆ ಮಾತ್ರ. ಇಂಟರ್ನ್‌ಶಿಪ್ ಬೇರೆ ದಿಕ್ಕಿಗಿದ್ದರೆ ಪೂರ್ತಿ ಟಿಕೆಟ್. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಹಾದು ಹೋಗುವ ಹೊಸಪೇಟೆ–ಹರಿಹರ ಪ್ಯಾಸೆಂಜರ್ ರೈಲು ಅಗ್ಗ, ಆದರೆ ಅದರ ಹೊತ್ತಿಗೂ ಆಫೀಸಿನ ಹೊತ್ತಿಗೂ ತಾಳೆಯಾಗಬೇಕಲ್ಲ.

ಸರ್ಕಾರಿ ಯೋಜನೆಗಳು ಇಲ್ಲವೆಂದಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ದೊಡ್ಡ ಕಂಪನಿಗಳಲ್ಲಿ ವರ್ಷದ ತರಬೇತಿ, ತಿಂಗಳಿಗೆ 5,000 ರೂಪಾಯಿ. ಆದರೆ ಅದನ್ನು ಆರಂಭಿಸಿದ್ದು 21ರಿಂದ 24 ವರ್ಷದ, ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ. ನಾವು ಮಾತಾಡುತ್ತಿರುವ ವಿದ್ಯಾರ್ಥಿ ಆಗ ಅದರಲ್ಲಿ ಬರುತ್ತಿರಲೇ ಇಲ್ಲ. ರಾಜ್ಯದ ಯುವನಿಧಿ ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ 3,000 ರೂಪಾಯಿ ಕೊಡುತ್ತದೆ. ಖಾಲಿ ಕೂತಾಗ ಮೂರು ಸಾವಿರ, ಓದುತ್ತಾ ದುಡಿದಾಗ ಏನೂ ಇಲ್ಲ.

ಹೋಗುವ ಮುಂಚೆ ಕೇಳಿಕೊಳ್ಳಿ

ನಾನೂ ಪತ್ರಿಕೋದ್ಯಮ ಓದುವಾಗ ಎರಡು ತಿಂಗಳು ಒಂದು ಪತ್ರಿಕಾ ಕಚೇರಿಯಲ್ಲಿ ಪುಕ್ಕಟೆ ಕೆಲಸ ಮಾಡಿದವನೇ. ಮೊದಲ ತಿಂಗಳು ಹಿರಿಯರೊಬ್ಬರು ನನ್ನ ಪ್ರತಿ ಸುದ್ದಿಯನ್ನೂ ಕೆಂಪು ಪೆನ್ನಿನಲ್ಲಿ ಗೀಚಿ, ಏಕೆ ಗೀಚಿದೆ ಎಂದು ಹೇಳುತ್ತಿದ್ದರು. ಎರಡನೇ ತಿಂಗಳು ಅವರು ರಜೆ ಹೋದರು, ನಾನು ಅವರ ಪುಟ ತುಂಬಿಸಿದೆ. ಮೊದಲ ತಿಂಗಳಿಗೆ ನಾನು ಫೀಸು ಕೊಡಲೂ ಸಿದ್ಧನಿದ್ದೆ. ಎರಡನೇ ತಿಂಗಳ ಬಾಕಿ ಇವತ್ತಿಗೂ ಲೆಕ್ಕದಲ್ಲಿದೆ.

ಆದ್ದರಿಂದ ಹೊರಡುವ ಮುಂಚೆ ವಿದ್ಯಾರ್ಥಿಗಳು ಇಷ್ಟನ್ನು ಕೇಳಬಹುದು. ಪತ್ರದಲ್ಲಿ ಬರೆದಿರುವುದು ‘ಇಂಟರ್ನ್’ ಎಂದೋ ‘ಅಪ್ರೆಂಟಿಸ್’ ಎಂದೋ? ಅಪ್ರೆಂಟಿಸ್ ಎಂದಿದ್ದರೆ ಒಪ್ಪಂದ ಪೋರ್ಟಲ್ಲಿನಲ್ಲಿ ನೋಂದಣಿಯಾಗಿದೆಯೇ, ಶಿಷ್ಯವೇತನ ಬ್ಯಾಂಕ್ ಖಾತೆಗೆ ಬರುತ್ತದೆಯೇ? ಕಲಿಸುವವರು ಯಾರು, ಅವರ ಹೆಸರೇನು? ದಿನಕ್ಕೆ ಎಷ್ಟು ಗಂಟೆ? ಮುಂಗಡ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಹಾಜರಾತಿಯ ನಕಲನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ, ಮುಂದೆ ತಕರಾರು ಬಂದರೆ ಉಳಿಯುವ ಸಾಕ್ಷಿ ಅದೊಂದೇ.

ಶಿಷ್ಯವೇತನದ ವಿಷಯಕ್ಕೆ ಬಂದರೆ ವಕೀಲಿಕೆಯಲ್ಲಿ ಸಣ್ಣ ಅಲುಗಾಟ ಕಂಡಿದೆ. ಕಿರಿಯ ವಕೀಲರಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಶಿಷ್ಯವೇತನ ಕೊಡಿ ಎಂದು ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹಿರಿಯರಿಗೆ ಹೇಳಿತು. ಅದು ಆದೇಶವಲ್ಲ, ಶಿಫಾರಸು. ತಾಲ್ಲೂಕು ಕೋರ್ಟಿನ ಎಷ್ಟೋ ಸೀನಿಯರ್‌ಗಳಿಗೇ ತಿಂಗಳಿಗೆ ಅಷ್ಟು ಗಟ್ಟಿ ಆದಾಯ ಇದೆಯೇ ಎಂದು ಜೂನಿಯರ್‌ಗಳೇ ನಗುತ್ತಾರೆ.

ಗಣಿತದ ಹುದ್ದೆ ಖಾಲಿಯಿದ್ದ ಆ ಶಾಲೆಯಲ್ಲಿ ಮೇಡಂಗೆ ಹದಿನಾರನೇ ವಾರದ ಶನಿವಾರ. ಮಕ್ಕಳು ತಲೆಗೆ ಐದು ರೂಪಾಯಿ ಹಾಕಿ ಒಂದು ಪೆನ್ನು, ಒಂದು ಗ್ರೀಟಿಂಗ್ ಕಾರ್ಡು ತಂದಿರುತ್ತಾರೆ, ಇಬ್ಬರು ಮೂವರು ಅಳುತ್ತಾರೆ. ಮುಖ್ಯ ಶಿಕ್ಷಕರು ರೆಕಾರ್ಡಿನ ಕೊನೆಯ ಪುಟಕ್ಕೆ ಸಹಿ ಹಾಕಿ, ಒಣಗಿದ ಪ್ಯಾಡಿಗೆ ಎರಡು ಸಲ ಒತ್ತಿ ಸೀಲು ಮೂಡಿಸುತ್ತಾರೆ. ‘ಚಲೋ ಪಾಠ ಮಾಡಿದ್ರಿ ಮೇಡಂ’ ಎಂದು ಮನಸ್ಸಿನಿಂದಲೇ ಹೇಳುತ್ತಾರೆ. ಸೋಮವಾರ ಹತ್ತನೇ ತರಗತಿಯ ಎರಡನೇ ಪೀರಿಯಡ್ಡಿನ ಗಂಟೆ ಹೊಡೆದಾಗ ಮಕ್ಕಳು ಗಣಿತದ ಪುಸ್ತಕ ತೆಗೆದಿಟ್ಟು ಬಾಗಿಲ ಕಡೆ ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ಪಿ.ಟಿ. ಮೇಷ್ಟ್ರು ಇಣುಕಿ, ‘ಗದ್ದಲ ಮಾಡಬ್ಯಾಡ್ರಿ, ಓದ್ಕೊಳ್ರಿ’ ಎಂದು ಹೋಗುತ್ತಾರೆ.